ಚಟ್ಟಿಯೊಳಗಿನ ಸವತಿಯರು

ಸವತಿ ಎಂದರೆ ಸೀರೆ ಉಟ್ಟುಕೊಂಡೇ ಬರಬೇಕೆಂದು ಎಲ್ಲಿ ಬರೆದಿದೆ? ಮಂಗಳೂರಿನ ಕುಲಶೇಖರದ ಚಂಪಾಳ ಮನೆಗೆ ಅವರು ಐದು ಹೂವಿನ ಚಟ್ಟಿಗಳಲ್ಲಿ ಬಂದರು.

ಗಂಡ ಶೀನಪ್ಪ ಇಪ್ಪತ್ತೆರಡು ವರ್ಷ ಮಸ್ಕತ್ತಿನ ಒಂದು ಹೋಟೆಲಿನಲ್ಲಿ ಡ್ರೈವರ್ ಆಗಿದ್ದವನು. ಕೆಲಸ ಬಿಟ್ಟು ಬರುವಾಗ ಹೆಂಡತಿಗೆ ಸೆಂಟಿನ ಬಾಟಲಿ ತರಲು ಮರೆತು, ಹೋಟೆಲಿನ ಅಂಗಳದಲ್ಲಿ ಬಿದ್ದಿದ್ದ ಬೀಜ ಹೆಕ್ಕಿಕೊಂಡು ಬಂದಿದ್ದ. ಬಟಾಣಿಯಷ್ಟು ದಪ್ಪದ ಕಪ್ಪು ಬೀಜ, ತಲೆಗೆ ಕೇಸರಿ ಉಣ್ಣೆಯ ಜುಟ್ಟು. ಗಿಡದ ಹೆಸರು ಜೈಂಟ್ ಬರ್ಡ್ ಆಫ್ ಪ್ಯಾರಡೈಸ್ ಅಂತೆ. ಬೆಳೆದರೆ ಮನೆಯೆತ್ತರ, ಹಕ್ಕಿಯ ತಲೆಯಂಥ ಬಿಳಿ ಹೂವು, ಉಳಿದದ್ದೆಲ್ಲ ನೋಡಲು ಬಾಳೆಯೇ. ಗೊನೆಯೂ ಇಲ್ಲದ, ಪಲ್ಯಕ್ಕೆ ಪೂಂಬೆ ಹೂವೂ ಇಲ್ಲದ ಬಾಳೆ ಯಾವ ಪುರುಷಾರ್ಥಕ್ಕೆ ಎಂದು ಚಂಪಾ ಕೇಳಿದಳು. ಅವನಿಗೆ ಕೇಳಿಸಲಿಲ್ಲ, ಐದು ಚಟ್ಟಿಗಳಿಗೆ ಮಣ್ಣು ತುಂಬಿ ಬೀಜ ಊರುತ್ತಿದ್ದ.

ಮಸ್ಕತ್ತಿನ ಹೋಟೆಲಿನ ಮ್ಯಾನೇಜರ್ ರೂಪೇಶ್ ವಾರಕ್ಕೊಮ್ಮೆ ಫೋನ್ ಮಾಡಿ, ವಾಪಸು ಬಾ, ವೀಸಾ ಮಾಡಿಸುತ್ತೇನೆ ಎನ್ನುತ್ತಿದ್ದ. ಶೀನಪ್ಪ ಹೂಂ ಎನ್ನುತ್ತಿರಲಿಲ್ಲ, ಉಹೂಂ ಎನ್ನುತ್ತಿರಲಿಲ್ಲ. ಇಲ್ಲೇ ಇರುತ್ತೇನೆ ಎಂಬ ಒಂದು ಮಾತಿಗೆ ಚಂಪಾ ಜೀವ ಹಿಡಿದು ಕಾಯುತ್ತಿದ್ದಳು.

ಅವನ ಮಾತೆಲ್ಲ ಚಟ್ಟಿಗಳ ಜೊತೆ. ಮುಖ ತೊಳೆಯುವ ಮೊದಲೇ ಮಣ್ಣಿಗೆ ಬೆರಳಿಟ್ಟು ತೇವ ನೋಡುವುದು, ಬಿಸಿಲು ಸರಿದಂತೆ ಚಟ್ಟಿ ಸರಿಸುವುದು, ಮೋಡವಾದರೆ ಚಳಿಯಾದೀತೆಂದು ಹೊದೆಸುವುದು. ಮಂಗಳೂರಿನಲ್ಲಿ ಚಳಿ! ಡೆಂಗ್ಯೂ ಬಂದು ಅವಳು ಅತ್ತಾವರದ ಆಸ್ಪತ್ರೆಯಲ್ಲಿ ಒಂಬತ್ತು ದಿನ ಮಲಗಿದ್ದಾಗ ಇದೇ ಗಂಡ ಮಾತ್ರೆ ತಗೊಂಡೆಯಾ ಎಂದು ಮಸ್ಕತ್ತಿನಿಂದ ಫೋನಿನಲ್ಲಿ ಕೇಳಿ ಮುಗಿಸಿದ್ದ. ತನಗಾಗುತ್ತಿರುವುದು ಹೊಟ್ಟೆಕಿಚ್ಚೇ ಎಂದು ಚಂಪಾಳಿಗೆ ಗೊತ್ತಿತ್ತು. ನಾಚಿಕೆಯೇನೂ ಆಗಲಿಲ್ಲ.

ನಾಲ್ಕು ತಿಂಗಳಾದರೂ ಒಂದೂ ಮೊಳೆಯಲಿಲ್ಲ. ಒಂದು ಮಧ್ಯಾಹ್ನ ಬಂಗುಡೆ ಮೀನಿನ ಪುಳಿಮುಂಚಿ ಬಡಿಸಿಟ್ಟು ಮೂರು ಸಲ ಕರೆದಳು. ಮಣ್ಣಿನಲ್ಲಿ ಏನೋ ಬಿರುಕು ಕಂಡಿತೆಂದು ಅವನು ಕುಕ್ಕರಗಾಲಲ್ಲಿ ಕೂತೇ ಇದ್ದ. ಮರುದಿನ ಅವನು ಮೀನು ತರಲು ಬಂದರಿಗೆ ಹೋದ ಹೊತ್ತಿಗೆ ಚಂಪಾ ದೊಡ್ಡ ಪಾತ್ರೆಯಲ್ಲಿ ನೀರು ಕುದಿಸಿ ಐದಕ್ಕೂ ಸಮನಾಗಿ ಎರೆದಳು. ಸವತಿಯರಲ್ಲಿ ಭೇದ ಮಾಡಬಾರದಲ್ಲ.

ತಿಂಗಳು ತುಂಬುವ ಮೊದಲೇ ಮೂರು ಚಟ್ಟಿಗಳಲ್ಲಿ ಹಸಿರು ಸೂಜಿ ಎದ್ದಿತು. ಬೀಜದ ಚಿಪ್ಪು ಕಲ್ಲಿನಷ್ಟು ಗಟ್ಟಿಯಂತೆ, ಬಿಸಿನೀರು ತಾಗಿಸಿದ್ದರೆ ಇನ್ನೂ ಬೇಗ ಮೊಳೆಯುತ್ತಿತ್ತಂತೆ ಎಂದು ಶೀನಪ್ಪ ಮೊಬೈಲ್ ನೋಡಿ ಹೇಳಿದ. ಕೊಲ್ಲಲು ಹೋದವಳು ಸೂಲಗಿತ್ತಿಯಾಗಿದ್ದಳು.

ಆಗಲೇ ರೂಪೇಶನ ಫೋನು ಬಂತು.

“ಇಲ್ಲ ಮಾರಾಯ, ನಾನಿನ್ನು ಬರುವುದಿಲ್ಲ” ಎಂದ ಶೀನಪ್ಪ. “ಇವು ಹೂ ಬಿಡ್ಲಿಕ್ಕೆ ಹತ್ತು ವರ್ಷ ಬೇಕು. ಇವನ್ನು ಬಿಟ್ಟು ಹೇಗೆ ಬರುವುದು?”

ಯಾವ ಮಾತಿಗಾಗಿ ಚಂಪಾ ದೈವಕ್ಕೆ ಹರಕೆ ಹೊತ್ತಿದ್ದಳೋ ಅದೇ ಮಾತು ಬಂದಿತ್ತು, ಅವಳ ಹೆಸರಿನಲ್ಲಿ ಮಾತ್ರ ಬಂದಿರಲಿಲ್ಲ. ಅವನು ಫೋನ್ ಕೆಳಗಿಡುವವರೆಗೂ ತಡೆದುಕೊಂಡಳು.

“ನನ್ನನ್ನು ಬಿಟ್ಟು ಇಪ್ಪತ್ತೆರಡು ವರ್ಷ ಹೇಗೆ ಇದ್ರಿ?”

ಸುಳ್ಳು ಶೀನಪ್ಪನಿಗೆ ಬರುತ್ತಿರಲಿಲ್ಲ.

“ನಿನಗೆ ಎಂತದೂ ಆಗ್ಲಿಕ್ಕಿಲ್ಲ ಅಂತ ಗೊತ್ತಿತ್ತು” ಎಂದ.

ಚಂಪಾ ಚಟ್ಟಿಗಳ ಕಡೆ ನೋಡಿದಳು. ಬೆರಳು ತಾಗಿದರೆ ಮುರಿಯುವಷ್ಟು ಎಳೆಯ ಚಿಗುರುಗಳು. ಒಂದು ದಿನವಾದರೂ ತಾನು ಹಾಗೆ ಇರಬಾರದಿತ್ತೇ ಎಂದು ಅವಳ ಹೊಟ್ಟೆ ಉರಿಯಿತು.