ಕೊನೆಗೆ ಹೋಗುವವರು ಬಿಚ್ಚಿ

ದಂತವೈದ್ಯನಿಗೆ ತಾಳ್ಮೆ ಇರಲಿಲ್ಲ. ರೋಗಿಯ ವಸಡಿಗೆ ಸೂಜಿ ಚುಚ್ಚಿ, ಅದು ಮರಗಟ್ಟುವ ತನಕ ಕಾಯುವುದೂ ಅವನಿಗೆ ಭಾರ, ಕುರ್ಚಿಯ ಸುತ್ತ ಸುತ್ತುತ್ತಾ "ಆಯ್ತಾ? ಜೋಮು ಹಿಡೀತಾ?" ಎಂದು ನಾಲ್ಕು ಸಲ ಕೇಳುತ್ತಿದ್ದ. ಇಂಥವನು ಹಕ್ಕಿಯ ಫೋಟೋ ತೆಗೆಯುವ ಹುಚ್ಚು ಹಚ್ಚಿಕೊಂಡಿದ್ದ. ಹಕ್ಕಿಗಾಗಿ ಕಾಯಬೇಕು ಎಂದು ಎಲ್ಲರೂ ಹೇಳುತ್ತಾರೆ. ಕಾಯದೆ ಕೆಲಸ ಸಾಧಿಸುವುದು ಹೇಗೆ ಎಂದು ಕಲಿಸಿಕೊಡಲು ನಗರದಲ್ಲೊಂದು ಕ್ಲಬ್ಬಿತ್ತು.

ಕ್ಲಬ್ಬು ಸೇರುತ್ತಿದ್ದುದು ಟೈಲ್ಸ್ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ, ಶನಿವಾರ ಸಂಜೆ. ಗೋಡೆಗೆ ಒರಗಿಸಿಟ್ಟ ಬಚ್ಚಲುಮನೆಯ ಮಾದರಿ ಟೈಲ್ಸುಗಳ ನಡುವೆ ಹಸಿರು ಕಂದು ಮಚ್ಚೆಯ ಬಟ್ಟೆ ತೊಟ್ಟ ಗಂಡಸರು ಕಾಲ ಮೇಲೆ ಕಾಲು ಹಾಕಿ ಕೂರುತ್ತಿದ್ದರು. ಕಾಡಿನಲ್ಲಿ ಯಾರ ಕಣ್ಣಿಗೂ ಬೀಳಬಾರದೆಂದು ಹೊಲಿದ ಬಟ್ಟೆ ಅದು. ಇವರು ಅದನ್ನು ಒಬ್ಬರ ಕಣ್ಣಿಗೊಬ್ಬರು ಬೀಳಲೆಂದೇ ತೊಟ್ಟು ಬರುತ್ತಿದ್ದರು. ಅಂಗಡಿಯ ಮಾಲೀಕನೇ ಕ್ಲಬ್ಬಿನ ಅಧ್ಯಕ್ಷ. ಎಲ್ಲರಿಗಿಂತ ಉದ್ದದ, ಆರುನೂರು ಮಿಲಿಮೀಟರಿನ ಲೆನ್ಸು ಅವನ ಹತ್ತಿರ ಮಾತ್ರ ಇದ್ದುದರಿಂದ ಅವನಿಗೆ 'ಆರುನೂರು' ಎಂದೇ ಹೆಸರು. ಹಾಗೆ ಕರೆದರೆ ಅವನು ಬೇಸರಪಡುತ್ತಿರಲಿಲ್ಲ, ಉಬ್ಬುತ್ತಿದ್ದ.

ಅಲ್ಲಿ ಕಾಗೆ, ಗುಬ್ಬಿ, ಪಾರಿವಾಳಗಳಿಗೆ 'ಕಸ' ಎಂಬ ಹೆಸರು. ಒಮ್ಮೆ ಹೊಸದಾಗಿ ಸೇರಿದ ಗಣಿತದ ಮೇಷ್ಟರೊಬ್ಬರು ನಲ್ಲಿಯ ಕೆಳಗೆ ಮೀಯುವ ಕಾಗೆಯ ಚಿತ್ರ ತಂದಿದ್ದರು. "ಮೇಷ್ಟ್ರೇ, ಕಸದ ಗಾಡಿ ಬೆಳಿಗ್ಗೆ ಬರುತ್ತೆ, ಆಗ ಹಾಕಿ" ಎಂದ ಆರುನೂರು. ಕೋಣೆಯಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕವನು ದಂತವೈದ್ಯ. ಮೇಷ್ಟರು ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಕ್ಲಬ್ಬಿಗೊಂದು ನಿಯಮಾವಳಿಯೂ ಇತ್ತು. ಗೂಡಿನ ಬಳಿ ಒಂದು ಕೊಂಬೆಯನ್ನೂ ಕಡಿಯಬಾರದು, ಎಲೆಯನ್ನೂ ಕೀಳಬಾರದು ಎಂದು ಅದರಲ್ಲಿ ದಪ್ಪ ಅಕ್ಷರದಲ್ಲಿ ಬರೆದಿತ್ತು. ಬರೆದವರೇ ಸಂಜೆಯ ಕಾಫಿಯ ಹೊತ್ತಿಗೆ 'ಕ್ಷೌರ'ದ ಕಥೆ ಹೇಳಿಕೊಳ್ಳುತ್ತಿದ್ದರು. ಗೂಡಿಗೆ ಅಡ್ಡ ಬಂದ ಎಲೆ ಸವರಿ ಬೆಳಕು ಬಿಡಿಸುವುದಕ್ಕೆ ಅವರಿಟ್ಟ ಹೆಸರು ಅದು.

ವರ್ಷಕ್ಕೊಮ್ಮೆ ಕ್ಲಬ್ಬು ಪ್ರದರ್ಶನ ನಡೆಸುತ್ತಿತ್ತು. ಬಾಗಿಲಿಗೆ ಎದುರಾದ ದೊಡ್ಡ ಗೋಡೆಗೆ ಒಂದೇ ಒಂದು ಚಿತ್ರ. ದಂತವೈದ್ಯನ ಚಿತ್ರಗಳಿಗೆ ಈವರೆಗೆ ದೊರೆತದ್ದು ಶೌಚಾಲಯಕ್ಕೆ ಹೋಗುವ ಓಣಿ. ಬರುವವರು ಅವಸರದಲ್ಲಿರುತ್ತಿದ್ದರು, ಹೋಗುವವರು ಕೈ ಒರೆಸಿಕೊಳ್ಳುತ್ತಿದ್ದರು. ಆ ದೊಡ್ಡ ಗೋಡೆ ತನಗೆ ಸಿಗಬೇಕು ಎಂಬ ಆಸೆ ಅವನನ್ನು ಹಲ್ಲುನೋವಿನ ಹಾಗೆ ಕಾಡುತ್ತಿತ್ತು.

ಪ್ರದರ್ಶನ ಹತ್ತಿರ ಬಂದಾಗ ಅವನ ಅಕ್ಕ ಫೋನು ಮಾಡಿದಳು. ಅವಳು ಆಸ್ಪತ್ರೆಯಲ್ಲಿ, ಅವಧಿಗೆ ಮುಂಚೆ ಹುಟ್ಟಿದ ಕೂಸುಗಳ ವಾರ್ಡಿನ ದಾದಿ. ಆಸ್ಪತ್ರೆಯ ಹಿಂದಿನ ವಸತಿಗೃಹದ ಎರಡನೇ ಮಹಡಿಯಲ್ಲಿ ಒಬ್ಬಳೇ ಇದ್ದಳು.

"ಲೋ, ನಮ್ಮ ಮೆಟ್ಟಿಲ ಕಿಟಕಿ ಪಕ್ಕದ ಮರದಲ್ಲಿ ಹಳದಿ ಹಕ್ಕಿ ಗೂಡು ಕಟ್ಟಿದೆ ಕಣೋ. ಮರಿ ಆಗಿವೆ. ನಿನ್ನ ಪುಸ್ತಕದಲ್ಲಿ ತೋರಿಸಿದ್ಯಲ್ಲ, ಹೊನ್ನಕ್ಕಿ ಅಂತ, ಅದೇ ಇರಬೇಕು."

ಭಾನುವಾರ ಬೆಳಿಗ್ಗೆಯೇ ಅವನು ಲೆನ್ಸು ಹೊತ್ತುಕೊಂಡು ಹಾಜರಾದ. ಮೆಟ್ಟಿಲಿನ ತಿರುವಿನ ಕಿಟಕಿಯಿಂದ ಕೈ ಚಾಚಿದರೆ ಸಿಗುವಷ್ಟು ಹತ್ತಿರ, ಕವಲೊಡೆದ ಕೊಂಬೆಗೆ ತೊಟ್ಟಿಲು ಕಟ್ಟಿದಂತೆ ಗೂಡು ತೂಗುತ್ತಿತ್ತು. ಆದರೆ ಮೇಲೂ ಮುಂದೂ ಎಲೆಗಳ ದಟ್ಟ ಮರೆ. ಗಾಳಿ ಬಂದಾಗ ಮಾತ್ರ ಒಂದು ಸಣ್ಣ ತಲೆ, ಅಗಲವಾಗಿ ತೆರೆದ ಬಾಯಿ ಕಂಡು ಮಾಯವಾಗುತ್ತಿತ್ತು.

"ವಾರವೆಲ್ಲ ಜನರ ಬಾಯಿ ನೋಡಿ ಸಾಕಾಗ್ಲಿಲ್ವೇನೋ? ಭಾನುವಾರಾನೂ ಬಾಯೇನಾ?" ಎಂದು ಅಕ್ಕ ನಕ್ಕಳು. ಹಕ್ಕಿಗಳಿಗೆ ಕಿರಿಕಿರಿಯಾದೀತೆಂದು ಈ ಮೆಟ್ಟಿಲಿನ ದೀಪದ ಬಲ್ಬನ್ನೇ ಅವಳು ಕಳಚಿಟ್ಟಿದ್ದಳು. ಪಕ್ಕದ ಮನೆಯವರಿಗೂ ಬಾಗಿಲು ದಡಾರನೆ ಹಾಕಬೇಡಿ ಎಂದು ಹೇಳಿ ಬೈಸಿಕೊಂಡಿದ್ದಳು.

"ಏನೂ ಕಾಣಲ್ಲವಲ್ಲೇ ಅಕ್ಕ. ಬರೀ ಸೊಪ್ಪು."

"ಕಾಣಬಾರದು ಅಂತ ತಾನೇ ಅಲ್ಲಿ ಕಟ್ಟಿರೋದು? ನೋಡು, ಎಷ್ಟು ಹೊತ್ತು ಬೇಕಾದ್ರೂ ನಿಂತ್ಕೋ. ಮುಟ್ಟಬೇಡ ಅಷ್ಟೆ. ನನಗೆ ಇವತ್ತು ಎರಡು ಪಾಳಿ, ಒಬ್ಬಳು ರಜಾ ಹಾಕಿದಾಳೆ. ನಾಳೆ ಬೆಳಿಗ್ಗೇನೇ ನಾನು ಬರೋದು." ಅವನ ಭುಜ ತಟ್ಟಿ ಅವಳು ಇಳಿದುಹೋದಳು.

ಅವನು ನಿಂತುಕೊಂಡ. ಅರ್ಧ ಗಂಟೆಯೂ ಆಗಿರಲಿಕ್ಕಿಲ್ಲ, ಮೈ ಪರಚಿಕೊಳ್ಳುವಂತಾಯಿತು. ಚೀಲದಲ್ಲಿ ಹಲ್ಲಿನ ಸಂದಿ ಶುಚಿಮಾಡುವ ಮೇಣದ ದಾರದ ಡಬ್ಬಿಯಿತ್ತು. ಕಡಿಯಬಾರದು ಎಂದಿದೆ ನಿಯಮ, ಕಟ್ಟಬಾರದು ಎಂದಿಲ್ಲವಲ್ಲ? ಕಿಟಕಿಯಿಂದ ಅರ್ಧ ಮೈ ಹೊರಚಾಚಿ, ಎಲೆಯ ಗೊಂಚಲುಗಳನ್ನು ಒಂದೊಂದಾಗಿ ಹಿಂದಕ್ಕೆ ಎಳೆದು, ಕಿಟಕಿಯ ಕೊಂಡಿಗೂ ಪಕ್ಕದ ಕೊಂಬೆಗೂ ದಾರದಿಂದ ಬಿಗಿದ. ಬಾಯೊಳಗೆ ಬೆರಳಾಡಿಸಿ ಪಳಗಿದ ಕೈ, ಗಂಟುಗಳು ಅಚ್ಚುಕಟ್ಟಾಗಿದ್ದವು. ದಾರ ಕಣ್ಣಿಗೇ ಕಾಣುತ್ತಿರಲಿಲ್ಲ. ಪರದೆ ಸರಿದಂತಾಗಿ ಬಿಸಿಲು ನೇರ ಗೂಡಿಗೆ ಬಿತ್ತು. ಮೂರು ಮರಿ, ಮೂರು ಕೆಂಪು ಬಾಯಿ.

ತನ್ನ ಜಾಣತನಕ್ಕೆ ತಾನೇ ಮೆಚ್ಚಿಕೊಂಡು ಚಿತ್ರ ತೆಗೆದ. ತೆಗೆದು ದಾರ ಬಿಚ್ಚಿ ಹೋಗಿದ್ದರೆ ಈ ಕಥೆ ಬರೆಯುವ ಕೆಲಸವಿರಲಿಲ್ಲ. ಆದರೆ ತೋರಿಸಿಕೊಳ್ಳದಿದ್ದರೆ ಅವನ ಊಟ ಜೀರ್ಣವಾಗುವುದಿಲ್ಲ. ಕ್ಯಾಮೆರಾದ ಪರದೆಯ ಮೇಲಿನ ಚಿತ್ರವನ್ನೇ ಫೋನಿನಲ್ಲಿ ಹಿಡಿದು, ದಾರದ ಉಪಾಯವನ್ನೂ ಬರೆದು ಕ್ಲಬ್ಬಿನ ಗುಂಪಿಗೆ ಹಾಕಿದ. ಆರುನೂರಿನ ಕರೆ ತಕ್ಷಣ ಬಂತು.

"ಏನ್ ಡಾಕ್ಟ್ರೇ, ಬೆಂಕಿ ಹಚ್ಚಿಬಿಟ್ರಲ್ಲ! ಎಲ್ಲಿ ಅದು?"

"ಅದು... ನಮ್ಮ ಅಕ್ಕನ ಮನೆ ಹತ್ತಿರ ಸಾರ್."

"ಅಕ್ಕ ಅಂದ್ರೆ ನಮಗೂ ಅಕ್ಕಾನೇ ಅಲ್ವೇನ್ರೀ? ದೊಡ್ಡ ಗೋಡೆಗೆ ಇನ್ನೂ ಯಾರ ಹೆಸರೂ ಬರೆದಿಲ್ಲ ನಾನು. ವಿಳಾಸ ಕಳಿಸಿ. ಮತ್ತೆ ಆ ಎಲೆ ಹಾಗೇ ಇರ್ಲಿ, ಬಿಚ್ಚಬೇಡಿ."

ಅವನು ವಿಳಾಸ ಕಳಿಸಿದ.

ಮಚ್ಚೆ ಬಟ್ಟೆಯವರು ಮೆಟ್ಟಿಲ ತುಂಬ ಸಾಲುಗಟ್ಟಿದರು. ಮೊಣಕೈ ತಾಗಿಸಿ ಬೈದುಕೊಂಡರು, ಕಿಟಕಿಯ ಕಟ್ಟೆಯ ಮೇಲೆ ಬಿಸ್ಕತ್ತು ತಿಂದರು. ಹೊನ್ನಕ್ಕಿಯ ಜೋಡಿ ಆಚೆ ಮರದಲ್ಲಿ ಕೂತು ಕಿರುಚುತ್ತಿತ್ತು. ಗುಟುಕು ಕಚ್ಚಿಕೊಂಡು ಹತ್ತಿರ ಬಂದು, ಲೆನ್ಸುಗಳ ಸಾಲು ಕಂಡು ಹೊರಳಿ ಹೋಗುತ್ತಿತ್ತು. "ಒಳ್ಳೇದೇ ಆಯ್ತು, ತಾಯಿ ಬರದಿದ್ರೆ ಮರಿ ಬಾಯಿ ಮುಚ್ಚಲ್ಲ" ಎಂದ ಆರುನೂರು. ಕ್ಲಬ್ಬಿನ ಸದಸ್ಯನಾದ ವಕೀಲ ದಾರವನ್ನು ಬೆರಳಿನಿಂದ ಮೀಟಿ ನೋಡಿ, "ಅಪ್ಪಟ ಕಾನೂನುಬದ್ಧ. ಕಟ್ಟೋದು ಕಡಿಯೋದಲ್ಲ. ಮೆಚ್ಚಿದೆ ಡಾಕ್ಟ್ರೇ" ಎಂದ. ದಂತವೈದ್ಯನಿಗೆ ಆ ಬೆಳಗಿನಷ್ಟು ಗೌರವ ಹಿಂದೆಂದೂ ಸಿಕ್ಕಿರಲಿಲ್ಲ.

ಅಷ್ಟರಲ್ಲಿ ಕೆನ್ನೆ ಊದಿಸಿಕೊಂಡ ರೋಗಿಯೊಬ್ಬ ಕ್ಲಿನಿಕ್ಕಿನ ಬಾಗಿಲಲ್ಲಿ ಕೂತಿದ್ದಾನೆಂದು ಫೋನು ಬಂತು. ಅವನು ಮೆಟ್ಟಿಲಿಳಿಯುತ್ತಾ ಕೂಗಿ ಹೇಳಿದ: "ಕೊನೆಗೆ ಹೋಗೋರು ದಾರ ಬಿಚ್ಚಿಬಿಡಿ, ಮರೀಬೇಡಿ!"

"ಆಯ್ತಾಯ್ತು" ಎಂದು ಐದಾರು ದನಿಗಳು ಒಟ್ಟಿಗೆ ಹೇಳಿದವು.

ಆ ದಿನ ಕೊನೆಗೆ ಹೋದವರು ಯಾರೂ ಇರಲಿಲ್ಲ. ವಕೀಲ ಹೊರಟಾಗ ಆರುನೂರು ಇದ್ದ. ಆರುನೂರು ಹೊರಟಾಗ ಮತ್ತೊಬ್ಬ ದಾರಿಯಲ್ಲಿದ್ದೇನೆ ಎಂದು ಫೋನು ಮಾಡಿದ್ದ. ಆ ಮತ್ತೊಬ್ಬ ಟ್ರಾಫಿಕ್ಕಿಗೆ ಬೇಸತ್ತು ಅರ್ಧ ದಾರಿಯಿಂದಲೇ ಮನೆಗೆ ತಿರುಗಿಸಿದ. ನಡುಹಗಲಿನ ಬಿಸಿಲು ಗೂಡಿನ ಮೇಲೆ ನೆಟ್ಟಗೆ ಸುರಿಯಿತು.

ಮಾರನೆಯ ಬೆಳಿಗ್ಗೆ ಅಕ್ಕನ ಫೋನು. "ಬಾ" ಎಂದಳು, ಅಷ್ಟೆ.

ಅವಳು ಸಮವಸ್ತ್ರದಲ್ಲೇ ಮೆಟ್ಟಿಲ ಮೇಲೆ ಕೂತಿದ್ದಳು. ಎರಡು ಪಾಳಿಯ ನಿದ್ದೆ ಕಣ್ಣಿನಲ್ಲಿತ್ತು. ಕಿಟಕಿಯ ಕಡೆ ಕೈ ತೋರಿಸಿದಳು. ಗೂಡಿನಲ್ಲಿ ಎರಡು ಮರಿ ಕತ್ತು ಹೊರಚೆಲ್ಲಿ ಒಣಗಿದ್ದವು, ಬಾಯಿ ತೆರೆದೇ ಇತ್ತು. ಮೂರನೆಯದು ಗೂಡಿನಲ್ಲಿರಲಿಲ್ಲ. ಕಾಗೆಯೊಂದು ಮೇಲಿನ ಕೊಂಬೆಯಲ್ಲಿ ಕೊಕ್ಕು ಉಜ್ಜುತ್ತಿತ್ತು.

"ದಾರ ಯಾರದು?"

"ನಂದೇ ಅಕ್ಕ. ಆದ್ರೆ ಬಿಚ್ಚೋಕೆ ಹೇಳಿದ್ದೆ ಅವರಿಗೆ..."

"ಯಾರಿಗೆ?"

"ಕೊನೆಗೆ ಹೋಗೋರಿಗೆ" ಎಂದ ಅವನು. 

"ನನ್ನ ವಾರ್ಡಿಗೆ ಮಗುವಿನ ಸ್ವಂತ ಅಪ್ಪ ಬಂದ್ರೂ ಕೈ ತೊಳೀದೆ ಒಳಗೆ ಬಿಡಲ್ಲ ನಾನು" ಎಂದಳು ಅಕ್ಕ. ದನಿ ಏರಿರಲಿಲ್ಲ. "ಕೂಸಿನ ಮೇಲೆ ಬೆಳಕು ಬೀಳಬಾರದು ಅಂತ ಅದನ್ನ ಬೆಚ್ಚಗಿಡೋ ಗಾಜಿನ ಪೆಟ್ಟಿಗೆಗೆ ಬಟ್ಟೆ ಹೊದಿಸ್ತೀವಿ. ಯಾವನಾದ್ರೂ ಬಂದು ಫೋಟೋ ಚೆನ್ನಾಗಿ ಬರ್ಲಿ ಅಂತ ಆ ಬಟ್ಟೆ ಎತ್ತಿ ಕಟ್ಟಿ ಊಟಕ್ಕೆ ಹೋದ್ರೆ ಅವನಿಗೆ ಏನಂತೀವಿ ಹೇಳು. ನಿಮ್ಮ ಕ್ಲಬ್ಬಲ್ಲಿ ಏನೋ ಹೆಸರಿರುತ್ತಲ್ಲ?"

"ಕಾಗೆ ಹೇಗಿದ್ರೂ..."

"ಕಾಗೆ ಸುದ್ದಿ ಎತ್ತಬೇಡ. ಅದು ಹೊಟ್ಟೆಗೆ ತಿಂತು. ನೀನು ಯಾತಕ್ಕೆ ತಿಂದೆ?"

ಅವನು ದಾರ ಬಿಚ್ಚಲು ಕೈ ಚಾಚಿದ. ಗಂಟುಗಳು ಬಿಚ್ಚಲಾಗದಷ್ಟು ಬಿಗಿದಿದ್ದವು. ಅವಳು ಜೇಬಿನಿಂದ ಕತ್ತರಿ ತೆಗೆದುಕೊಟ್ಟಳು. ಎಲೆಗಳು ಒಂದೊಂದಾಗಿ ಚಿಮ್ಮಿ ಮುಂದಕ್ಕೆ ಬಂದು ಗೂಡನ್ನು ಮುಚ್ಚಿದವು. ಕತ್ತರಿ ಹಿಂದಕ್ಕೆ ಇಸಿದುಕೊಂಡು ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಶನಿವಾರ ಅವನು ಕ್ಲಬ್ಬಿನಲ್ಲಿ ಎದ್ದು ನಿಂತು ವಿಷಯ ಹೇಳಿದ.  ಆರುನೂರು ಕಾಫಿಯ ಲೋಟ ಕೆಳಗಿಟ್ಟ.

"ಪ್ರಕೃತಿ ಡಾಕ್ಟ್ರೇ. ಕಾಗೆಗೂ ಮನೆ ಮಠ ಇರುತ್ತೆ. ಹತ್ತು ಮರಿ ಹುಟ್ಟಿದ್ರೆ ಉಳಿಯೋದು ಒಂದೋ ಎರಡೋ. ನಿಮ್ಮ ಚಿತ್ರ ನೋಡಿ ನೂರು ಜನಕ್ಕೆ ಹಕ್ಕಿ ಮೇಲೆ ಪ್ರೀತಿ ಹುಟ್ಟುತ್ತಲ್ಲ, ಅದು ಲೆಕ್ಕಕ್ಕಿಲ್ವಾ? ನಾವಿಲ್ದೆ ಈ ಊರಲ್ಲಿ ಹೊನ್ನಕ್ಕಿ ಇದೆ ಅಂತ ಯಾರಿಗೆ ಗೊತ್ತಾಗ್ತಿತ್ತು?"

"ಗೊತ್ತಾಗದಿದ್ರೆ ಅದಕ್ಕೇನು ನಷ್ಟ ಸಾರ್?" ಎಂದ ದಂತವೈದ್ಯ. ಹಾಗೆ ಕೇಳಿದ್ದು ತಾನೇ ಎಂದು ಅವನಿಗೇ ನಂಬಿಕೆಯಾಗಲಿಲ್ಲ.

"ಕೊನೆಗೆ ಹೋಗುವವರು ಅಂದ್ರೆ ಯಾರು ಅಂತ ಸ್ಪಷ್ಟವಾಗಿ ಗೊತ್ತುಮಾಡಿರಲಿಲ್ಲ. ಹಾಗಾಗಿ ಯಾರ ಮೇಲೂ ಹೊಣೆ ಬರಲ್ಲ" ಎಂದು ವಕೀಲ ತೀರ್ಪು ಕೊಟ್ಟ. ಎಲ್ಲರಿಗೂ ಉಸಿರು ಹಗುರಾಯಿತು. ಹಿಂದಿನಿಂದ ಯಾರೋ, "ಡಾಕ್ಟ್ರಿಗೆ ಅಕ್ಕ ಬೈದಿದಾರೆ, ಪಾಪ" ಎಂದರು. ನಗೆಯೆದ್ದಿತು. ಕಾಗೆಯ ಚಿತ್ರ ತಂದ ಮೇಷ್ಟರು ಕೇಳಿಸಿಕೊಂಡದ್ದೂ ಇದೇ ನಗೆ. ಈ ಸಲ ಅದನ್ನು ಕೇಳಿಸಿಕೊಳ್ಳುವ ಜಾಗದಲ್ಲಿ ಅವನಿದ್ದ. ಸುತ್ತ ನೋಡಿದ. ಕಾಡಿನ ಬಣ್ಣ ಬಳಿದುಕೊಂಡು ಬಚ್ಚಲಿನ ಟೈಲ್ಸುಗಳ ನಡುವೆ ಕೂತ ಈ ಜನದ ಮೆಚ್ಚುಗೆಗೆ ತಾನು ಬಾಯಿ ಬಿಟ್ಟುಕೊಂಡು ಕೂತಿದ್ದೆನಲ್ಲ ಎಂದು ಹೇಸಿಗೆಯಾಯಿತು. ಆ ಹೇಸಿಗೆಯಲ್ಲಿ ಅವನ ಪಾಲೇ ದೊಡ್ಡದಿತ್ತು.

ಆದರೂ ಚಿತ್ರ ಹಿಂದಕ್ಕೆ ಪಡೆಯಲಿಲ್ಲ. ಹಿಂದಕ್ಕೆ ಪಡೆದರೆ ವಿಷಯ ಅಲ್ಲಿಗೇ ಮುಚ್ಚಿಹೋಗಿ ಎಲ್ಲರಿಗೂ ಅನುಕೂಲವಾಗುತ್ತಿತ್ತು.

ಪ್ರದರ್ಶನದ ದಿನ ದೊಡ್ಡ ಗೋಡೆಯ ಮೇಲೆ ಮೂರು ಕೆಂಪು ಬಾಯಿಗಳು ಬಾಗಿಲಿನಷ್ಟು ಎತ್ತರಕ್ಕೆ ತೂಗುತ್ತಿದ್ದವು. ಕೆಳಗಿನ ಚೀಟಿಯಲ್ಲಿ ಆರುನೂರು ಇಟ್ಟ ಹೆಸರು: 'ಅಮ್ಮನ ದಾರಿ ಕಾಯುತ್ತಾ'. ಬಾಗಿಲು ತೆರೆಯುವ ಮುಂಚೆ ದಂತವೈದ್ಯ ಬಂದು, ಆ ಚೀಟಿ ಕಿತ್ತು, ತಾನು ಬರೆದು ತಂದದ್ದನ್ನು ಅಂಟಿಸಿದ. 'ಈ ಮರಿಗಳು ಬಾಯಿ ತೆರೆದಿರುವುದು ಬಿಸಿಲಿಗೆ ಮತ್ತು ಹಸಿವಿಗೆ. ಫೋಟೋಗೆ ಅಡ್ಡವಾದ ಎಲೆಗಳನ್ನು ನಾನು ಕಟ್ಟಿದೆ. ನಾವ್ಯಾರೂ ಬಿಚ್ಚಲಿಲ್ಲ. ಮಾರನೆಯ ಬೆಳಗಿನ ಹೊತ್ತಿಗೆ ಮೂರೂ ಸತ್ತಿದ್ದವು.'

ಮೊದಲು ಬಂದ ದಂಪತಿಗಳು "ಅಯ್ಯೋ, ಎಷ್ಟು ಮುದ್ದು!" ಎಂದು ಹತ್ತಿರ ಹೋದರು. ಓದಿದರು. ಹೆಂಗಸು ಗಂಡನ ತೋಳು ಹಿಡಿದು ಹಿಂದೆ ಸರಿದಳು. ಸ್ವಲ್ಪ ಹೊತ್ತಿಗೇ ಅಲ್ಲಿ ಗುಂಪು ಸೇರಿತು. ಆರುನೂರು ಓಡಿಬಂದ.

"ಏನ್ರೀ ಇದು? ನಮ್ಮ ಕ್ಲಬ್ಬಿನ ಮರ್ಯಾದೆ ಗತಿ?"

"ನಿಜ ತಾನೇ ಸಾರ್ ಬರೆದಿರೋದು?"

"ನಿಜ ಆದ್ರೆ ಗೋಡೆಗೆ ಅಂಟಿಸ್ತಾರೇನ್ರೀ?"

ಇಬ್ಬರು ಸದಸ್ಯರು ಏಣಿ ತಂದು ಚಿತ್ರ ಇಳಿಸಿದರು. ಖಾಲಿ ಗೋಡೆ ಬಾಗಿಲಿಗೆ ಎದುರಾಗಿ ಅಸಹ್ಯವಾಗಿ ಕಂಡಿತು. ಐದೇ ನಿಮಿಷ. ಆಮೇಲೆ ವಕೀಲನ ಚಿತ್ರ ಏರಿತು: ಅದೇ ಗೂಡು, ಅದೇ ಬಿಸಿಲು, ಒಂದು ಗೇಣು ಎಡಕ್ಕೆ ನಿಂತು ತೆಗೆದದ್ದು. ಕೆಳಗೆ ಕಿತ್ತೆಸೆದಿದ್ದ ಹಳೆಯ ಚೀಟಿಯನ್ನೇ ನೀವಿ ಅಂಟಿಸಿದರು. ಹೆಸರು ಬದಲಿಸುವ ತೊಂದರೆಯನ್ನೂ ತೆಗೆದುಕೊಳ್ಳಲಿಲ್ಲ.

ದಂತವೈದ್ಯ ಹೊರಟುಹೋಗುತ್ತಾನೆಂದು ಅವರು ಎಣಿಸಿದ್ದರು. ಅವನು ಹೋಗಲಿಲ್ಲ. ದೊಡ್ಡ ಗೋಡೆಯ ಪಕ್ಕ ಕೈಕಟ್ಟಿ ನಿಂತ. ಮುದುಕನೊಬ್ಬ ಕನ್ನಡಕ ಸರಿಪಡಿಸಿಕೊಂಡು ಚಿತ್ರ ನೋಡಿ, "ಏನಪ್ಪಾ, ಇವು ಈಗ ಹಾರಾಡ್ತಿರಬೇಕು ಅಲ್ವಾ?" ಎಂದು ಕೇಳಿದ.

"ಇಲ್ಲ ಯಜಮಾನ್ರೇ. ಸತ್ತವು. ಎಲೆ ಕಟ್ಟಿದವನು ನಾನು."

ಮುದುಕ ಅವನ ಮುಖ ನೋಡಿ ಮುಂದೆ ಹೋದ. ಅವನ ಹಿಂದೆ ಬಂದವಳೂ ಅದನ್ನೇ ಕೇಳಿದಳು. ಅವಳಿಗೂ ಅದನ್ನೇ ಹೇಳಿದ. "ಹೊರಗೆ ನಡೀರಿ, ಇಲ್ಲಾಂದ್ರೆ ಸದಸ್ಯತ್ವ ರದ್ದು" ಎಂದು ಆರುನೂರು ಕಿವಿಯಲ್ಲಿ ಹಲ್ಲು ಕಡಿದ. "ಮಾಡಿ" ಎಂದ ದಂತವೈದ್ಯ. ಬಾಗಿಲು ಹಾಕುವ ತನಕ ನಿಂತಿದ್ದ, ಬಂದವರಿಗೆಲ್ಲ ಹೇಳಿದ. ಕೆಲವರು ಬೈದರು, ಒಬ್ಬ ಹುಚ್ಚನೆಂದ, ಹಲವರಿಗೆ ಊಟಕ್ಕೆ ಹೊತ್ತಾಗಿತ್ತು.

ಕ್ಲಬ್ಬಿಗೆ ಒಬ್ಬ ಸದಸ್ಯ ಹೋದ. ಮುಂದಿನ ವಾರವೇ ಇನ್ನಿಬ್ಬರು ಸೇರಿದರು. ಅವನಿಗೆ ಒಂದು ಗೋಡೆ ಹೋಯಿತು. ಅಕ್ಕ ಇನ್ನೂ ಫೋನು ಎತ್ತಿಲ್ಲ.

ಹೊನ್ನಕ್ಕಿಗಳಿಗೆ ಹೋದದ್ದು ಮೂರು ಮರಿ.