ಒಂದು ದಿನದ ಭೀಮ

ನಾನು ಒಂದು ಕಲ್ಲು. ಕಲ್ಲಿಗೆಂಥ ಕಥೆ ಎಂದು ಮೂಗು ಮುರಿಯಬೇಡಿ. ವರ್ಷಕ್ಕೊಂದು ದಿನ ನಾನು ದೇವರಾಗುತ್ತಿದ್ದೆ. ಉಳಿದ ದಿನಗಳಲ್ಲಿ ವಸ್ತಿಯ ನಾಯಿ ಕೂಡ ನನಗೆ ಮರ್ಯಾದೆ ಕೊಡುತ್ತಿರಲಿಲ್ಲ, ಕಾಲೆತ್ತಿ ತನ್ನ ಕೆಲಸ ಮುಗಿಸಿಕೊಂಡು ಹೋಗುತ್ತಿತ್ತು.

ನಾನು ಹುಟ್ಟಿದ್ದು ಡೋಣಿ ಹೊಳೆಯ ಸಾಲಿನಲ್ಲಿ, ಒಂದು ಬಾವಿಯ ಹೊಟ್ಟೆಯೊಳಗೆ. ಅದು ಎರೆಭೂಮಿ. ಮೇಲೆಲ್ಲ ಕರಿಮಣ್ಣೇ, ನಾಯಿಗೆ ಎಸೆಯುತ್ತೇನೆಂದರೂ ಕಲ್ಲು ಸಿಗುವುದಿಲ್ಲ. ಸಾತಪ್ಪ ಎಂಬ ರೈತ ಊರೊಳಗಿನ ಇಕ್ಕಟ್ಟಿನ ಮನೆ ಬಿಟ್ಟು, ಹೊಲದಲ್ಲೇ ಮನೆ ಕಟ್ಟಿ, ಬೆಳೆದದ್ದು ಉಂಡು ಬದುಕುತ್ತೇನೆಂದು ಹೊರಟ. ಹೀಗೆ ಹೊಲದಲ್ಲಿ ಮನೆ ಮಾಡಿಕೊಂಡಿರುವುದಕ್ಕೆ ಆ ಕಡೆ ವಸ್ತಿ ಎನ್ನುತ್ತಾರೆ. ವಸ್ತಿಗೆ ಮೊದಲು ನೀರು ಬೇಕಲ್ಲ, ಬಾವಿ ತೋಡಿದರು. ಆಳದಲ್ಲಿ ಬಂಡೆ ಹತ್ತಿತು. ಸುತ್ತಿಗೆ ಏಟಿಗೆ ಬಂಡೆ ಸೀಳಿ ನಾನು ಹೊರಬಿದ್ದೆ. ಸಣ್ಣ ಕುಂಬಳಕಾಯಿಯಷ್ಟು ಗಾತ್ರ, ನೆತ್ತಿಯ ಮೇಲೊಂದು ಬಿಳಿ ಗೆರೆ. ಬುಟ್ಟಿಯಲ್ಲಿ ನನ್ನನ್ನು ಹೊತ್ತು ಮೇಲೆ ತಂದವಳು ಸಾತಪ್ಪನ ಹೆಂಡತಿ ದುಂಡವ್ವ. ಆಗಿನ್ನೂ ಕೈಯ ಹಸಿರು ಬಳೆಗಳ ಬಣ್ಣ ಮಾಸಿರದ ಸೊಸೆ.

ಆ ವರ್ಷವೇ ಹೊಸ ವಸ್ತಿಯಲ್ಲಿ ಮೊದಲ ಎಳ್ಳ ಅಮಾವಾಸ್ಯೆ ಬಂತು. ಬಿಳಿಜೋಳ ಎದೆಯೆತ್ತರ ನಿಂತಿರುವ ಹೊತ್ತಿಗೆ ಬರುವ ಹಬ್ಬ ಅದು. ಅಂದು ಭೂಮಿತಾಯಿಗೆ ಉಣಬಡಿಸಬೇಕು. ಬನ್ನಿಗಿಡದ ಬುಡದಲ್ಲಿ ಐದು ಕಲ್ಲು ಇಟ್ಟು, ಸುಣ್ಣ ಹಚ್ಚಿ, ಪಾಂಡವರೆಂದು ಪೂಜಿಸಬೇಕು. ಆ ಮನೆತನದಲ್ಲಿ ಇನ್ನೊಂದು ಕಟ್ಟಳೆ ಇತ್ತು: ಐದು ಕಲ್ಲೂ ಸ್ವಂತ ಹೊಲದವೇ ಆಗಬೇಕು, ತಲೆಗೆ ನೀರು ಹಾಕಿಕೊಂಡ ಮನೆಯ ಹೆಣ್ಣುಮಗಳೇ ಅವನ್ನು ಆರಿಸಿ ತರಬೇಕು. ದುಂಡವ್ವ ಬಾವಿಯ ದಂಡೆಗೆ ಬಂದಳು. ನಾಲ್ಕು ಸಣ್ಣ ಕಲ್ಲು ಉಡಿಯಲ್ಲಿ ಹಾಕಿಕೊಂಡಳು. ಕೊನೆಗೆ ನನ್ನನ್ನು ಎತ್ತಿ, "ಅಯ್ಯ ನನ ಶಿವನ, ಏನ ಭಾರ ಇದ್ದೀಯೋ! ನೀನ ಭೀಮಣ್ಣ" ಎಂದಳು.

ಅಷ್ಟೇ ನನ್ನ ನಾಮಕರಣ. ಗದೆ ಇಲ್ಲದ, ತೋಳಿಲ್ಲದ ಭೀಮ.

ಬೇರೆ ಮನೆಯವರು ಪೂಜೆ ಮುಗಿದ ಮೇಲೆ ಕಲ್ಲುಗಳನ್ನು ಅಲ್ಲೇ ಬಿಡುತ್ತಿದ್ದರು, ಮರುವರ್ಷ ಬೇರೆ ಆರಿಸುತ್ತಿದ್ದರು. ದುಂಡವ್ವನಿಗೆ ಮಾತ್ರ ಭೀಮ ಎಂದರೆ ನಾನೇ. ನೆತ್ತಿಯ ಗೆರೆ ನೋಡಿ ಗುರುತು ಹಿಡಿಯುತ್ತಿದ್ದಳು. ನನ್ನ ಮುಂದೆ ಸಜ್ಜೆಯ ಕಡಬು, ಎಳ್ಳು ಹಚ್ಚಿದ ರೊಟ್ಟಿ, ಶೇಂಗಾ ಹೋಳಿಗೆ, ಪುಂಡಿಪಲ್ಯ, ಎಣ್ಣೆಗಾಯಿ ಬದನೆ ಇಟ್ಟು ಏನೇನೋ ಬೇಡುತ್ತಿದ್ದಳು. ಮಕ್ಕಳನ್ನು ಬೇಡಿದಳು, ಎರಡು ಗಂಡು ಹುಟ್ಟಿದವು. ಹೆಸರು ನನಗೆ ಬಂತು. ನನ್ನದೇನೂ ಇರಲಿಲ್ಲ ಅದರಲ್ಲಿ. ಸಾತಪ್ಪ ಜ್ವರದಲ್ಲಿ ಮಲಗಿದಾಗಲೂ ಬಂದಳು. ಹಣೆಯನ್ನು ನನ್ನ ನೆತ್ತಿಗೆ ಒತ್ತಿ, "ಭೀಮಣ್ಣಾ, ಆತನ್ನ ಎಬ್ಬಿಸಪಾ" ಎಂದಳು. ಅವಳ ಹಣೆಯ ಬಿಸಿ ನನಗೆ ತಟ್ಟಿತು. ಮಾಡಲು ನನ್ನಿಂದ ಏನೂ ಆಗಲಿಲ್ಲ. ಸಾತಪ್ಪ ಏಳಲಿಲ್ಲ. ಮುಂದಿನ ಅಮಾವಾಸ್ಯೆಗೆ ಆಕೆ ಕಡಬು ಇಡುವುದಿಲ್ಲವೆಂದು ತಿಳಿದಿದ್ದೆ. ಇಟ್ಟಳು, ತುಪ್ಪ ಸ್ವಲ್ಪ ಹೆಚ್ಚೇ ಹಾಕಿದ್ದಳು.

ಮಕ್ಕಳು ಪರಪ್ಪ ಮತ್ತು ಯಮನಪ್ಪ. ಇಬ್ಬರೂ ನನ್ನ ಮೇಲೆ ಕೂತೇ ಬೆಳೆದವರು. ದೊಡ್ಡವನು ಮಾತಿಗೆ ಬಿಗಿ, ಸಣ್ಣವನು ಬಾಯಿಬಡಕ. ಆದರೆ ಚರಗ ಚೆಲ್ಲುವಾಗ ಇಬ್ಬರ ದನಿಯೂ ಕೂಡಿ ಬರುತ್ತಿತ್ತು. ಪೂಜೆಯಾದ ಮೇಲೆ ಎಲ್ಲ ಅಡುಗೆಯನ್ನೂ ಕಲಸಿ ಹೊಲದ ಸುತ್ತ ಚೆಲ್ಲುವುದಕ್ಕೆ ಚರಗ ಎನ್ನುತ್ತಾರೆ. ಅದು ಒಬ್ಬರಿಂದ ಆಗುವ ಕೆಲಸವಲ್ಲ. ಮುಂದಿನವನು ಬುಟ್ಟಿ ಹಿಡಿದು ತುತ್ತು ಎಸೆಯುತ್ತ "ಹುಲ್ಲುಲ್ಲಿಗೋ" ಎಂದು ಕೂಗಬೇಕು. ಹಿಂದಿನವನು ತಂಬಿಗೆಯ ನೀರು ಚಿಮುಕಿಸುತ್ತ "ಚಲಾಂಬ್ರಿಗೋ" ಎಂದು ಓಗೊಡಬೇಕು. ಓಗೊಡುವವರಿಲ್ಲದಿದ್ದರೆ ಭೂಮಿತಾಯಿ ಉಣ್ಣುವುದಿಲ್ಲವೆಂದು ದುಂಡವ್ವನ ನಂಬಿಕೆ. ಅಣ್ಣ ಕೂಗುತ್ತಿದ್ದ, ತಮ್ಮ ಓಗೊಡುತ್ತಿದ್ದ. ಜೋಳದೊಳಗೆ ಇಬ್ಬರ ತಲೆಯೂ ಕಾಣದಿದ್ದರೂ ಆ ದನಿ ಹತ್ತಿರವಾದದ್ದು ಕೇಳಿಯೇ ಅವಳು ಬುತ್ತಿ ಬಿಚ್ಚುತ್ತಿದ್ದಳು.

ಮದುವೆಗಳಾದವು. ಇಬ್ಬರು ಸೊಸೆಯಂದಿರು ಒಂದು ಒಲೆಯ ಮುಂದೆ ಕೂತರು. ಮುಂದಿನದನ್ನು ನಾನು ಹೇಳಬೇಕಿಲ್ಲ. ಯಾರೂ ಕೆಟ್ಟವರಲ್ಲ, ಒಲೆ ಮಾತ್ರ ಸಣ್ಣದು. ಬೇರೆಯಾಗುವುದೆಂದು ತೀರ್ಮಾನವಾಯಿತು. ದುಂಡವ್ವ ಅಳಲಿಲ್ಲ. ಹಿರಿಯರ ಮುಂದೆ ಸೆರಗು ಸರಿಮಾಡಿಕೊಂಡು ಒಂದೇ ಮಾತು ಕೇಳಿದಳು:

"ಹೊಲ ಎರಡ ಮಾಡ್ಕೋರಿ, ಒಲಿ ಎರಡ ಮಾಡ್ಕೋರಿ. ನಾ ಬ್ಯಾಡ ಅನ್ನಂಗಿಲ್ಲ. ಚರಗ ಮಾತ್ರ ಒಂದ ಇರಲಿ. ನಾ ಇರೂ ತನಕ ಆ ಒಂದ ದಿನ ಎಲ್ಲಾರೂ ಕೂಡಿ ಉಣ್ರಿ."

ಇಬ್ಬರೂ ಹೂಂ ಎಂದರು. ಹಗ್ಗ ಹಿಡಿದು ಹೊಲ ಅಳೆದರು. ಬನ್ನಿಗಿಡ ನಡುಗಡಿಗೆ ಬಂತು, ಅದು ಇಬ್ಬರಿಗೂ ಸೇರಿದ್ದೆಂದರು. ಗಡಿಯ ಇನ್ನೊಂದು ತುದಿಗೆ ಗುರುತಿನ ಕಲ್ಲು ಬೇಕಾಯಿತು. ಆಗ ಯಮನಪ್ಪ ಉತ್ಸಾಹದಿಂದ ನನ್ನನ್ನು ಎತ್ತಿ ತಂದ. "ಅಣ್ಣಾ, ಭೀಮನ್ನ ಇಡೂಣು. ದೇವರ ಕಲ್ಲ ಯಾವನ ಸರಿಸ್ತಾನ?" ಎಂದ. ಪರಪ್ಪ ನಕ್ಕ. ಅರ್ಧ ಹೂಳಿದರು. ಕೂಡಿಸಲು ಪೂಜೆಗೊಳ್ಳುತ್ತಿದ್ದವನು ಬೇರ್ಪಡಿಸಲು ಕಾವಲು ಕೂತೆ. ಬೇಡ ಎನ್ನಲು ನನ್ನನ್ನು ಕೇಳಿದವರಾದರೂ ಯಾರು?

ಬೇರೆಯಾದ ಮೊದಲ ವರ್ಷ ದುಂಡವ್ವ ಭೀಮನ ಜಾಗದಲ್ಲಿ ಮತ್ತಾವುದೋ ಕಲ್ಲಿಟ್ಟಳು. ಮನಸ್ಸು ಒಪ್ಪಲಿಲ್ಲ. ಎರಡನೆಯ ವರ್ಷ ಹಬ್ಬದ ಬೆಳಗ್ಗೆ, ಒದ್ದೆ ತಲೆಯಲ್ಲೇ ನನ್ನ ಬಳಿ ಬಂದಳು. ಅವಳ ಕಣ್ಣಿಗೆ ಆಗಲೇ ಪೊರೆ ಬಂದಿತ್ತು. ಕೈಯಿಂದ ತಡವಿ ನೆತ್ತಿಯ ಗೆರೆ ಹುಡುಕಿದಳು. "ಗಡಿ ಕಾಯಾಕ ನಾಳಿಂದ ಬಾರಪಾ. ಇವತ್ತ ಮನಿಗಿ ನಡಿ" ಎಂದು, ಬಿರುಕು ಬಿಟ್ಟ ಮಣ್ಣಿನಿಂದ ನನ್ನನ್ನು ಅಲ್ಲಾಡಿಸಿ ಕಿತ್ತು, ಉಡಿಯಲ್ಲಿಟ್ಟುಕೊಂಡು ನಡೆದಳು. ಯಾರನ್ನೂ ಕೇಳಲಿಲ್ಲ. ತನ್ನ ದೇವರನ್ನು ತಾನು ಒಯ್ಯಲು ಯಾರ ಅಪ್ಪಣೆ ಬೇಕು?

ಆ ದಿನವನ್ನು ನಾನು ಮರೆತಿಲ್ಲ. ಎರಡೂ ಮನೆಯವರು ಕೌದಿ ಹಾಸಿ ಒಂದೇ ಸಾಲಿಗೆ ಕೂತರು. ಸುಣ್ಣ ಬಳಿದ ಐವರಲ್ಲಿ ಗಡಿಯ ಕಲ್ಲೂ ಇದೆಯೆಂದು ಯಾರೂ ಗಮನಿಸಲಿಲ್ಲ. ದೊಡ್ಡ ಸೊಸೆ ಕಾಶಿಬಾಯಿ ಮಾಡಿದ ಹೋಳಿಗೆಯನ್ನು ಸಣ್ಣ ಸೊಸೆ ರಾಚವ್ವ ಹೊಗಳಿದಳು. ರಾಚವ್ವನ ಪುಂಡಿಪಲ್ಯ ಖಾರವಾಗಿದ್ದರೂ ಕಾಶಿಬಾಯಿ ಕಣ್ಣೀರು ಒರೆಸಿಕೊಂಡೇ ಇನ್ನಷ್ಟು ಹಾಕಿಸಿಕೊಂಡಳು. ಯಮನಪ್ಪ ಓಗೊಡುವ ಭರದಲ್ಲಿ ತಂಬಿಗೆಯ ನೀರನ್ನೆಲ್ಲ ಅಣ್ಣನ ಬೆನ್ನಿಗೇ ಸುರಿದ. ಮಾತಿಗೆ ಬಿಗಿಯಾದ ಪರಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ದುಂಡವ್ವ ನನ್ನ ಪಕ್ಕ ಕಾಲು ಚಾಚಿ ಕೂತು, ಎಲ್ಲರ ದನಿಯನ್ನೂ ಕೇಳುತ್ತ, ತನ್ನ ಕೈಯ ರೊಟ್ಟಿ ತಿನ್ನುವುದನ್ನೇ ಮರೆತಿದ್ದಳು.

ಹೊತ್ತು ಇಳಿದಾಗ ನನ್ನನ್ನು ಜಾಗಕ್ಕೆ ಮರಳಿಸಲು ಒಬ್ಬಳೇ ಬಂದಳು. ಮಗನಿಗೆ ಹೇಳಿದ್ದರೆ ಆಗುತ್ತಿತ್ತು. ಹೇಳಲಿಲ್ಲ, ದೇವರನ್ನು ಕರೆತಂದವರೇ ಕಳಿಸಿಕೊಡಬೇಕಂತೆ. ನನ್ನ ಹಳೆಯ ಕುಣಿಯನ್ನು ಹಬ್ಬದ ಗದ್ದಲದಲ್ಲಿ ಹುಡುಗರು ಓಡಾಡಿ ತುಳಿದು ಮುಚ್ಚಿದ್ದರು. ಆಕೆ ಅಂಗಾಲಿನಿಂದ ನೆಲ ತಡವುತ್ತ ನಡೆದಳು. ಒಂದು ತಗ್ಗು ಸಿಕ್ಕಿತು. ಅದು ನನ್ನ ಕುಣಿಯಲ್ಲ, ಯಾರೋ ಕರಿಕೆ ಹುಲ್ಲಿನ ಗಡ್ಡೆ ಅಗೆದು ತೆಗೆದ ಜಾಗ. ಪರಪ್ಪನ ಹೊಲದೊಳಗೆ ಎರಡು ಸಾಲು ಜೋಳದಷ್ಟು ಒಳಗಿತ್ತು. "ಇಲ್ಲವ್ವಾ, ಇನ್ನೂ ಆಚೆ!" ಎಂದು ನಾನು ಒಳಗೊಳಗೇ ಕೂಗಿಕೊಂಡೆ. ಆಕೆ ನನ್ನನ್ನು ಅಲ್ಲಿಳಿಸಿ, ಮಣ್ಣು ಸರಿಸಿ, ನೆತ್ತಿ ಸವರಿ, "ಹುಷಾರಿಲೆ ಇರು" ಎಂದು ಹೊರಟುಹೋದಳು.

ಆಮೇಲೆ ಅಕಾಲದ ಮಳೆಯೊಂದು ಬಂದು ನನ್ನ ಸುಣ್ಣ ತೊಳೆಯಿತು. ಎರೆಮಣ್ಣು ನೆನೆದರೆ ಬೆಣ್ಣೆ, ಒಣಗಿದರೆ ಕಬ್ಬಿಣ. ಮೆತ್ತಗಾದ ಮಣ್ಣಿನಲ್ಲಿ ನಾನು ಕುತ್ತಿಗೆಯವರೆಗೆ ಇಳಿದೆ. ಬಿಸಿಲು ಬಿದ್ದಾಗ ಮಣ್ಣು ನನ್ನನ್ನು ಬಿಗಿಯಾಗಿ ಕಚ್ಚಿಕೊಂಡಿತು.

ಜೋಳ ಕೀಳುವ ಕಾಲಕ್ಕೆ ರಾಚವ್ವ ಮತ್ತು ಯಮನಪ್ಪ ಕಲ್ಲು ಇದ್ದಲ್ಲಿಯವರೆಗೆ ಕಿತ್ತರು. ಅವರ ತಪ್ಪೇನು? ಗಡಿಕಲ್ಲು ಇರುವುದೇ ಅದಕ್ಕೆ. ಮರುದಿನ ಪರಪ್ಪ ಬಂದು ಸಾಲು ನೋಡಿದ, ಬನ್ನಿಗಿಡದ ಕಡೆ ಕಣ್ಣು ಹಾಯಿಸಿದ. ಗಡಿ ಓರೆಯಾಗಿತ್ತು. ಮುಖ ಕಪ್ಪಿಟ್ಟಿತು.

"ಏನೋ ತಮ್ಮಾ, ಭೀಮಗ ಕಾಲ ಬಂದಾವೇನ?" ಎಂದ.

"ಏನ ಮಾತಾಡ್ತಿ ಅಣ್ಣಾ? ಕಲ್ಲ ಇದ್ದಲ್ಲೇ ಕಿತ್ತೀವಿ. ದೇವರ ಕಲ್ಲ ನಾ ಸರಿಸ್ತೀನಿ ಅಂತಿಯೇನ?"

"ನಾ ಹೆಸರ ಹೇಳಿಲ್ಲ. ನೀನ ಹೇಳಿದಿ. ಕುಂಬಳಕಾಯಿ ಕಳ್ಳ ಅಂದ್ರ ಹೆಗಲ ಮುಟ್ಟಿ ನೋಡ್ಕೊಂಡ್ನಂತ."

ಕಳ್ಳ ಎಂಬ ಮಾತು ಬಿತ್ತು. ಎರಡು ಸಾಲು ಜೋಳ ಏನು ಮಹಾ, ಹಿಂಡು ಗುಬ್ಬಿ ತಿಂದು ಹೋದರೂ ಅಷ್ಟಾಗುತ್ತದೆ. ಬಿದ್ದ ಮಾತನ್ನು ಮಾತ್ರ ಯಾವ ಗುಬ್ಬಿಯೂ ತಿನ್ನಲಿಲ್ಲ. ದನಿ ಏರಿತು. ಆಚೀಚೆ ವಸ್ತಿಯವರು ಕೂಡಿದರು. ದುಂಡವ್ವ ಬದುವಿನ ಮೇಲೆ ಮುಗ್ಗರಿಸುತ್ತ ಬಂದಳು. ವಿಷಯ ಕೇಳಿದವಳೇ ಎದೆ ಬಡಿದುಕೊಂಡಳು.

"ನಾನ ಕಿತ್ತೀನ್ರೋ ನನ ಮಕ್ಕಳ್ರಾ! ಹಬ್ಬದಾಗ ಪೂಜಿಗಿ ಒಯ್ದಿದ್ದೆ. ತಂದಿಡೂ ಮುಂದ ಕಣ್ಣ ಕಾಣಲಿಲ್ಲ. ನಾನ ತಪ್ಪಿ ಇಟ್ಟೀನಿ. ಯಾರೂ ಸರಿಸಿಲ್ಲ!"

ನನ್ನ ಜೀವ ಹಗುರಾಯಿತು. ಸತ್ಯ ಹೊರಬಿತ್ತು, ಇನ್ನು ಮುಗಿಯಿತು ಎಂದುಕೊಂಡೆ. ಕಲ್ಲಿನ ಬುದ್ಧಿ ನೋಡಿ.

ಪರಪ್ಪ ಅವ್ವನ ಮುಖ ನೋಡದೆ ಹೇಳಿದ: "ಸಣ್ಣಾಂವ ಅಂದ್ರ ನಿನಗ ಮೊದಲಿಂದ್ಲೂ ಹಂಗ. ಆಂವನ ತಪ್ಪ ನಿನ್ನ ತಲಿ ಮ್ಯಾಲ ಹಾಕ್ಕೊಬ್ಯಾಡ."

ಯಮನಪ್ಪ ಅದಕ್ಕಿಂತ ಜೋರಾಗಿ ಸಿಡಿದ: "ಯವ್ವಾ, ಸುಮ್ನ ಇರು! ಮುಚ್ಚಾಕ ಹತ್ಯಾಳ ಅಂತ ಮಂದಿ ನನ್ನ ಖರೇನ ಕಳ್ಳ ಅಂತಾರ!"

ಅವಳು ನನ್ನ ನೆತ್ತಿ ಮುಟ್ಟಿ ಆಣೆ ಮಾಡಿದಳು. ಪರಪ್ಪ ತುಟಿ ಕೊಂಕಿಸಿದ. "ಈ ಕಲ್ಲ ನೀ ಕಿತ್ತಿ, ಬನ್ನಿಗಿಡದ ಮಟಾ ಒಯ್ದಿ, ಮತ್ತ ತಂದಿಟ್ಟಿ? ಎಲ್ಲಿ, ಈಗ ಎತ್ತಿ ತೋರ್ಸು ನೋಡೂಣು."

ದುಂಡವ್ವ ಸೆರಗು ಸಿಕ್ಕಿಸಿಕೊಂಡು ಕೂತಳು. ಎರಡೂ ಕೈಯಿಂದ ನನ್ನನ್ನು ತಬ್ಬಿ ಎಳೆದಳು. ನಾನು ಕದಲಲಿಲ್ಲ. ಉಗುರಿನಿಂದ ಮಣ್ಣು ಕೆರೆದಳು, ಅದು ಕಬ್ಬಿಣವಾಗಿತ್ತು. "ಏಳೋ ಭೀಮಣ್ಣಾ, ಏಳೋ ನನ್ನಪ್ಪಾ" ಎಂದು ಉಸಿರು ಕಟ್ಟಿ ಎಳೆದಳು. ಅವಳ ಬೆರಳಿನ ರಕ್ತ ನನ್ನ ಬಿಳಿ ಗೆರೆಗೆ ಹತ್ತಿತು. ಏಳಬೇಕೆಂದು ನಾನೆಷ್ಟು ಬಯಸಿದೆ! ಭೀಮನೆಂದು ಹೆಸರು ಕೊಟ್ಟ ನನ್ನ ಭಾರವೇ ಅವಳನ್ನು ಸುಳ್ಳಿಯನ್ನಾಗಿ ಮಾಡುತ್ತಿತ್ತು. ಕಲ್ಲು ಹಗುರಾಗುವುದು ಹೇಗೆ?

"ನೋಡ್ರಿ," ಎಂದ ಪರಪ್ಪ ಕೂಡಿದವರಿಗೆ, "ಎಷ್ಟ ದಿನದಿಂದ ಹೂತೈತಿ." ಯಮನಪ್ಪ ಅವ್ವನ ರಟ್ಟೆ ಹಿಡಿದು ಎಬ್ಬಿಸಲು ಬಂದ. ಆಕೆ ಏಳಲಿಲ್ಲ, ಜನ ಚೆದುರುವ ತನಕ ಅಲ್ಲೇ ಕೂತಿದ್ದಳು.

ಆಮೇಲೆ ಸರ್ವೆಯವರು ಬಂದರು. ಸರಪಳಿ ಎಳೆದು, ಮೊದಲಿದ್ದ ಜಾಗದಲ್ಲೇ ನಾಲ್ಕು ಮೂಲೆಯ ಕೆತ್ತಿದ ಕಲ್ಲು ನೆಟ್ಟರು. ಹಾರೆಯಿಂದ ನನ್ನನ್ನು ಮೀಟಿ ಬದುವಿನ ಬದಿಗೆ ಉರುಳಿಸಿದರು. ಎರಡು ಸಾಲು ನೆಲ ಪರಪ್ಪನಿಗೆ ಮರಳಿತು. ಅಣ್ಣ ತಮ್ಮಂದಿರು ಮಾತ್ರ ಎದುರಾದರೆ ದಾರಿ ಬದಲಿಸಿದರು.

ಮತ್ತೆ ಎಳ್ಳ ಅಮಾವಾಸ್ಯೆ ಬಂತು. ದುಂಡವ್ವ ಎರಡೂ ಮನೆಯ ಹೊಸ್ತಿಲಲ್ಲಿ ಕೂತು ಬೇಡಿಕೊಂಡಿದ್ದಳು, ಚರಗ ಒಂದೇ ಇರಲೆಂದು. ಇಬ್ಬರೂ ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಮಾತಾಡಿ ಕಳಿಸಿದ್ದರು. ಅಂದು ಬನ್ನಿಗಿಡದ ಆಚೆ ಐದು ಪಾಂಡವರು, ಈಚೆ ಐದು ಪಾಂಡವರು. ನಾನು ಯಾರ ಹೊಲದ ಕಲ್ಲೆಂದು ಯಾರಿಗೂ ತಿಳಿಯದೆ ಎರಡೂ ಕಡೆಯವರು ನನ್ನನ್ನು ಬಿಟ್ಟಿದ್ದರು. ದುಂಡವ್ವ ಎಲ್ಲಿ ಉಂಡರೂ ಇನ್ನೊಬ್ಬರಿಗೆ ನೋವು. ಕಾಶಿಬಾಯಿ ಒಂದು ಕಡಬು, ರಾಚವ್ವ ಒಂದು ರೊಟ್ಟಿ ಅವಳ ಉಡಿಗೆ ಹಾಕಿದರು. ಅವಳು ನೀರಿನ ತಂಬಿಗೆ ಹಿಡಿದು ಬದುವಿನ ಮೇಲೆ, ನನ್ನ ಪಕ್ಕದಲ್ಲೇ ನಿಂತಿದ್ದಳು.

ಪಡುವಣದಲ್ಲಿ ಪರಪ್ಪ ಬುಟ್ಟಿ ಎತ್ತಿದ. "ಹುಲ್ಲುಲ್ಲಿಗೋ!" ಹಿಂದೆ ಕಾಶಿಬಾಯಿ ಬಾಯಿ ತೆರೆಯುವ ಮೊದಲೇ ಬದುವಿನಿಂದ ದುಂಡವ್ವ ಓಗೊಟ್ಟಳು: "ಚಲಾಂಬ್ರಿಗೋ!" ಮೂಡಣದಲ್ಲಿ ಯಮನಪ್ಪನೂ ಶುರುಮಾಡಿದ. "ಹುಲ್ಲುಲ್ಲಿಗೋ!" ಆಕೆ ತಿರುಗಿ ಅವನಿಗೂ ಓಗೊಟ್ಟಳು. ಹೀಗೆ ಆಕಡೆಗೊಮ್ಮೆ ಈಕಡೆಗೊಮ್ಮೆ ತಿರುಗುತ್ತ, ನೀರು ಚಿಮುಕಿಸುತ್ತ, ಕಾಣದ ಕಣ್ಣಿನಿಂದ ಬದುವಿನ ಮೇಲೆ ಓಡಾಡಿದಳು. ಮಕ್ಕಳಿಬ್ಬರೂ ಕೇಳಿಯೂ ಕೇಳದವರಂತೆ ಹೆಜ್ಜೆ ಚುರುಕು ಮಾಡಿದರು, ಒಬ್ಬ ಆ ತುದಿಗೆ, ಒಬ್ಬ ಈ ತುದಿಗೆ. ಅವಳ ದನಿ ಬಿರಿಯಿತು. ಮೊದಲು ಒಬ್ಬನಿಗೆ ಮುಟ್ಟದಾಯಿತು, ಆಮೇಲೆ ಇಬ್ಬರಿಗೂ.

ಉಸಿರು ಸೋತು ನನ್ನ ಬಳಿ ಕುಸಿದಳು. ತಂಬಿಗೆಯಲ್ಲಿ ಉಳಿದಿದ್ದ ನೀರನ್ನು ನನ್ನ ಮೇಲೆ ಸುರಿದು, ಸೆರಗಿನಿಂದ ಒರೆಸಿದಳು. ಉಡಿಯ ಕಡಬು ಮುರಿದು ಅರ್ಧ ನನ್ನ ಮುಂದಿಟ್ಟಳು.

"ಉಣ್ಣೋ ಭೀಮಣ್ಣಾ. ಈ ಸಲ ನನ್ನ ಜೋಡಿ ನೀನರ ಉಣ್ಣು."

ತಲೆ ನನಗೆ ಒರಗಿಸಿ, ಅಳುತ್ತ ಅಳುತ್ತ ಅಲ್ಲೇ ನಿದ್ದೆಹೋದಳು. ಕರಿಇರುವೆಗಳು ಬಂದವು. ನನ್ನ ಪಾಲಿನ ಕಡಬನ್ನು ಚೂರುಚೂರು ಮಾಡಿ ಬದುವಿನ ಬಿರುಕಿನೊಳಗೆ ಸಾಗಿಸಿದವು. ನಾನು ಅವನ್ನೂ ತಡೆಯಲಾರೆ. ಎಚ್ಚರವಾದಾಗ ಆಕೆ ನನ್ನ ಮುಂದೆ ಕೈಯಾಡಿಸಿ ನೋಡಿದಳು. ನೆಲ ಬರಿದಾಗಿತ್ತು. ಸುಕ್ಕುಗಟ್ಟಿದ ಮುಖದಲ್ಲಿ ಅಂದು ಮೊದಲ ಸಲ ನಗೆ ಬಂತು.

"ಉಂಡೀ? ನನ್ನ ಮಾತ ನೀ ಒಬ್ಬಾಂವರ ಕೇಳಿದೆಲ್ಲೋ ಯಪ್ಪಾ."

ಇಲ್ಲವ್ವಾ, ಇರುವೆ ತಿಂದವು ಎಂದು ಹೇಳಲು ನನಗೆ ಬಾಯಿಲ್ಲ. ಬಾಯಿ ಇಲ್ಲದ್ದಕ್ಕೆ ಜೀವಮಾನವಿಡೀ ಕೊರಗಿದವನು ನಾನು. ಅವತ್ತೊಂದು ದಿನ ಕೊರಗಲಿಲ್ಲ.