ವರಾಂಡದ ಪ್ಲಗ್ಗು

ಪುರಸಭೆಯ ಕರೆಂಟ್ ಬಿಲ್ಲಿನ ಗುಮಾಸ್ತನನ್ನು ಎಲ್ಲರೂ ಸ್ವಿಚ್ಚಪ್ಪ ಎಂದೇ ಕರೆಯುತ್ತಿದ್ದರು. ಖಾಲಿ ಕೋಣೆಯಲ್ಲಿ ಫ್ಯಾನು ತಿರುಗುತ್ತಿದ್ದರೆ ಪುಣ್ಯಾತ್ಮನಿಗೆ ಅನ್ನ ಸೇರುತ್ತಿರಲಿಲ್ಲ. ಗಾಳಿಯಿಂದ ತಯಾರಾದ ಕರೆಂಟನ್ನು ಕೊಂಡರೆ ಅದರ ಮೇಲಿನ ತೆರಿಗೆ ಮಾಫಿ ಎಂಬ ನಿಯಮವನ್ನು ಹುಡುಕಿ ತೆಗೆದವನೂ ಅವನೇ. ಅಷ್ಟು ಉಳಿದರೆ ಊರಿನ ವಾಚನಾಲಯವನ್ನು ಸಂಜೆಯೂ ತೆರೆದಿಡಬಹುದು. ಅದಕ್ಕಾಗಿ ವರ್ಷವಿಡೀ ಅಲೆದು ಚಪ್ಪಲಿ ಸವೆಸಿದ್ದ.

ಮಾಫಿಗಾಗಿ ನಡೆಯುವ ತಪಾಸಣೆಯ ಹಿಂದಿನ ದಿನ ಅರ್ಜಿಗೆ ಸಹಿ ಹಾಕಲು ಕೂತವನ ಪೆನ್ನು ಒಂದು ಸಾಲಿನ ಮೇಲೆ ನಿಂತಿತು: ‘ಈ ವಿದ್ಯುತ್ತನ್ನು ಹೊರಗಿನವರು ಯಾರೂ ಬಳಸುತ್ತಿಲ್ಲ.’ ವರಾಂಡದ ತುದಿಯ ಪ್ಲಗ್ಗಿನಲ್ಲಿ, ಎಲ್ಲರೂ ದೊಡ್ಡಮ್ಮ ಎಂದು ಕರೆಯುವವಳ ಕರೆಂಟ್ ಒಲೆಯಿತ್ತು. ಇಪ್ಪತ್ತೆರಡು ವರ್ಷಗಳಿಂದ ಅಲ್ಲಿ ಟೀ ಮಾರುತ್ತಿದ್ದಳು. ನೌಕರಳಲ್ಲ, ಬಾಡಿಗೆಯವಳೂ ಅಲ್ಲ. ಸ್ವಿಚ್ಚಪ್ಪ ಕೆಲಸಕ್ಕೆ ಸೇರಿದ ದಿನವೇ ಬೈಸಿಕೊಂಡು ಮುಖ ಸಣ್ಣ ಮಾಡಿ ನಿಂತಿದ್ದವನ ಕೈಗೆ ಲೋಟ ಕೊಟ್ಟು, “ಬೈಯೋರು ಬೈತಾರೆ, ನೀನು ಟೀ ಕುಡಿ” ಎಂದವಳು. ಅವಳೆಂದರೆ ಅವನಿಗೆ ಪ್ರಾಣ.

“ದೊಡ್ಡಮ್ಮ, ನಾಳೆ...” ಎಂದವನು ಒಲೆಯ ವಯರಿನತ್ತ ನೋಡಿದ.

“ಗೊತ್ತು ಬಿಡಪ್ಪ. ನನ್ನೊಂದು ಒಲೆಗೋಸ್ಕರ ಮಕ್ಕಳ ಓದು ಕೆಡೋದು ಬೇಡ.”

ಮರುದಿನ ಒಲೆ ಇರಲಿಲ್ಲ. ದೊಡ್ಡಮ್ಮ ಮಾತ್ರ ಅಭ್ಯಾಸಬಲದಿಂದ ಬಂದು ಬರಿಗೈಯಲ್ಲಿ ಬೆಂಚಿನ ಮೇಲೆ ಕೂತಿದ್ದಳು. ಹನ್ನೊಂದರ ಹೊತ್ತಿಗೆ ಟೀ ಇಲ್ಲದೆ ಕಚೇರಿಗೆ ಕಚೇರಿಯೇ ಬಾಡಿತ್ತು. ಪುರಸಭೆಯ ಅಧ್ಯಕ್ಷೆ ತಲೆ ಹಿಡಿದುಕೊಂಡೇ ತಪಾಸಣಾಧಿಕಾರಿಯ ಹಿಂದೆ ನಡೆಯುತ್ತಿದ್ದರು.

ಪ್ಲಗ್ಗಿನ ಕೆಳಗೆ ಹಾಲು ಉಕ್ಕಿದ ಹಳೇ ಕಲೆ. “ಇಲ್ಲೇನಿತ್ತು?” ಅಧಿಕಾರಿ ಕೇಳಿದರು.

ಏನಿಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಸ್ವಿಚ್ಚಪ್ಪನ ನಾಲಿಗೆ ಆ ಸುಳ್ಳಿಗೆ ಹೊರಳಲಿಲ್ಲ. “ಟೀ ಒಲೆ ಸಾರ್, ಈ ದೊಡ್ಡಮ್ಮಂದು. ತೆಗೆಸಿದೀವಿ ಅಂತ ಬರೆದರೂ ಸುಳ್ಳೇ. ನೀವು ಹೋದಮೇಲೆ ನಾನೇ ತಂದಿಡ್ತೀನಿ.”

“ಇವರು ಹೊರಗಿನವರು ತಾನೇ? ಹಾಗಾದ್ರೆ ಮಾಫಿ ಸಿಗೋದು ಕಷ್ಟ ಕಣ್ರೀ.”

ಒಂದು ವರ್ಷದ ಓಡಾಟ ನೀರಲ್ಲಿ ಹೋಮವಾಯಿತೆಂದು ಅವನು ತಲೆ ತಗ್ಗಿಸಿದ.

“ಯಾರ್ರೀ ಹೊರಗಿನವಳು?” ಅಧ್ಯಕ್ಷೆ ಗದರಿದರು. “ನಾನು ಎರಡು ಸಲ ಚುನಾವಣೆ ಸೋತು ಮನೆಗೆ ಹೋದೆ. ಇವಳು ಒಂದು ದಿನ ಈ ಜಾಗ ಬಿಟ್ಟಿಲ್ಲ. ಇವಳನ್ನ ದಿನಗೂಲಿ ನೌಕರಳಾಗಿ ತಗೊಳ್ಳೋ ಅಧಿಕಾರ ನನಗಿದೆ. ಆದೇಶ ಬರಿ ಸ್ವಿಚ್ಚಪ್ಪ.”

ಅಧಿಕಾರಿ ನಕ್ಕರು. “ಬರೀರಿ. ಮಾಫಿ ಹೇಗೂ ಇವತ್ತಿಂದ ತಾನೇ ಶುರು.”

ಅವನು ಬೆಂಚಿನ ಮೇಲೇ ಕೂತು ಗಡಗಡ ಬರೆಯತೊಡಗಿದ. ಹೆಸರಿನ ಜಾಗಕ್ಕೆ ಬಂದಾಗ ಕೈ ನಿಂತಿತು. ಸುತ್ತ ನೋಡಿದ. ಯಾರಿಗೂ ಗೊತ್ತಿರಲಿಲ್ಲ. ಅವನಿಗೆ ನಾಚಿಕೆಯಾಯಿತು.

“ದೊಡ್ಡಮ್ಮ, ನಿಮ್ಮ ಹೆಸರು?”

“ಇರು, ನೆನಪು ಮಾಡ್ಕೋತೀನಿ” ಎಂದು ಚೇಷ್ಟೆ ಮಾಡಿದಳು. ಆಮೇಲೆ ಮೆಲ್ಲಗೆ ಹೇಳಿದಳು. ಅವನು ದುಂಡಗೆ ಬರೆದು ಓದಿದ.

“ಇನ್ನೊಂದ್ಸಲ ಓದಪ್ಪ.”

ಅವನು ಓದಿದ, ವರಾಂಡದ ಆ ತುದಿಯವರೆಗೂ ಕೇಳುವಂತೆ.